ಎಡಮೂಲೆಯ ಚಂದ್ರ

...ಅಲ್ಲಾ, ಇನ್ನೂ ನಿಂತೇ ಇದ್ದೀರಲ್ಲ ವಿಮಲಾ ಅವರೇ! ಕೂತ್ಕೊಳ್ಳಿ ಅಂದೆ. ಈಗ ನಾನು ನಿಮ್ಮ ಸೆಕ್ಷನ್ ಆಫೀಸರೂ ಅಲ್ಲ, ನೀವು ನನ್ನ ಅಸಿಸ್ಟೆಂಟೂ ಅಲ್ಲ. ನಾನು ರಿಟೈರಾಗಿ ನಾಲ್ಕು ವರ್ಷ ಆಯ್ತು. ಈ ಡೆಲ್ಲಿ ಕನ್ನಡ ಸಂಘದ ಕ್ಯಾಂಟೀನಿನ ಕುರ್ಚಿಗಳಿಗೆ ಸೀನಿಯಾರಿಟಿ ಗೊತ್ತಾಗಲ್ಲ. ಭಯ್ಯಾ, ದೋ ಚಾಯ್! ಏಕ್ ಫೀಕಿ! ...ನೋಡಿದಿರಾ, ನಿಮ್ಮದು ಸಕ್ಕರೆ ಇಲ್ಲದ್ದು ಅಂತ ಇನ್ನೂ ನೆನಪಿದೆ. ಹದಿಮೂರು ವರ್ಷ ಎದುರುಬದುರು ಮೇಜು ಅಂದ್ರೆ ಸುಮ್ನೇನಾ!

ಹೊರಗಡೆ ಬ್ಯಾನರ್ ನೋಡಿದಿರಲ್ಲ? "ಎಲ್ಲಿಂದ ಹೊಳೆಯಿತು? ಸ್ವತಂತ್ರ ಕಲಾವಿದರೊಡನೆ ಒಂದು ಮಧ್ಯಾಹ್ನ." ಸಂಗೀತಕ್ಕೆ ಚರಣ್, ಕಾದಂಬರಿಗೆ ಹಂಸಾ, ಕಾಮಿಕ್ಸಿಗೆ ಚಂದ್ರಮೋಹನ. ಆ ಮೂರನೇ ಫೋಟೋ ನನ್ನದೇ! ಪಾಸ್‌ಪೋರ್ಟ್ ಸೈಜಿನದನ್ನ ಆರಡಿಗೆ ಎಳೆದುಬಿಟ್ಟಿದ್ದಾರೆ. ಒಂದು ಕಿವಿ ಹರಿಯಾಣದಲ್ಲಿದೆ, ಇನ್ನೊಂದು ಯು.ಪಿ.ಯಲ್ಲಿ. "ಸ್ವತಂತ್ರ" ಅಂದ್ರೆ ಏನಮ್ಮಾ ಅಂತ ಪ್ರಕೃತಿನ ಕೇಳಿದೆ. ವೇದಿಕೆ ಮೇಲೆ ನಮ್ಮನ್ನ ಪ್ರಶ್ನೆ ಕೇಳೋ ಹುಡುಗಿ ಅವಳು. ಬೆನ್ನಿಗೆ ಪ್ರಕಾಶಕರು, ಕಂಪನಿ ಯಾರೂ ಇಲ್ಲದವರು ಅಂಕಲ್ ಅಂದ್ಲು. ಅಂದ್ರೆ ಯಾರಿಗೂ ಬೇಡವಾದವರು! ಆ ಅರ್ಹತೆ ನನಗೆ ಭರ್ತಿಯಾಗಿದೆ.

ನಗಬೇಕಿತ್ತು ನೀವು ಈಗ. ಹೋಗಲಿ.

ಈ ಕುರ್ತಾ, ಈ ಜೋಳಿಗೆ ನೋಡಿ ಬೆಳಿಗ್ಗೆ ಗಿರಿಜಾ ಏನಂದ್ಲು ಗೊತ್ತಾ? "ಕಲಾವಿದರ ಹಾಗೆ ಕಾಣ್ತಿಲ್ಲ ಕಣ್ರೀ, ಎಲೆಕ್ಷನ್ನಿನಲ್ಲಿ ಠೇವಣಿ ಕಳ್ಕೊಂಡವರ ಹಾಗೆ ಕಾಣ್ತೀರಿ." ನನ್ನ ಹೆಂಡತಿ ಅವಳು, ನನಗೆ ಹೊರಗಿನ ಶತ್ರುಗಳೇ ಬೇಕಾಗಿಲ್ಲ! ಅದನ್ನೇ ಹಾಕ್ಕೊಂಡು ಇಂದಿರಾಪುರಂನಿಂದ ಆರ್.ಕೆ.ಪುರಂವರೆಗೆ ಎರಡು ಮೆಟ್ರೋ ಬದಲಾಯಿಸಿ ಬಂದೆ. ಒಬ್ಬ ಹುಡುಗ ಎದ್ದು ಸೀಟು ಬಿಟ್ಟ. ಕಲೆಗೆ ಸಿಕ್ಕ ಗೌರವ ಅಂದ್ಕೊಂಡೆ. ಮೇಲೆ ನೋಡಿದ್ರೆ "ಹಿರಿಯ ನಾಗರಿಕರಿಗೆ" ಅಂತ ಬರೆದಿತ್ತು.

ಹಾಂ, ಚರಣ್! ಅವನ ಕಥೆ ಕೇಳಿ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವನೇ, ಐ.ಟಿ.ಯವನು. ಒಂದಿನ ಲಿಫ್ಟಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕ್ಕೊಂಡ. ಅಷ್ಟು ಹೊತ್ತೂ ಆ ಲಿಫ್ಟಮ್ಮ "ಕೃಪಯಾ ದರ್ವಾಜಾ ಬಂದ್ ಕರೇಂ", ದಯವಿಟ್ಟು ಬಾಗಿಲು ಹಾಕಿ ಅಂತ ಹಾಡಿದ್ದೇ ಹಾಡಿದ್ದು. ಆ ತಾಳಕ್ಕೇ ಕನ್ನಡದಲ್ಲಿ ವಿರಹಗೀತೆ ಕಟ್ಟಿದ! ಲಕ್ಷಾಂತರ ಜನ ಕೇಳಿ ಕಣ್ಣೀರು ಹಾಕಿದ್ದಾರಂತೆ. ಮತ್ತೆ ಅದನ್ನ ಮುಚ್ಚಿಡಲ್ಲ ಅವನು, ಹಾಡಿನ ಕೆಳಗೆ "ಲಿಫ್ಟಿಗೆ ಕೃತಜ್ಞತೆ" ಅಂತ ಹಾಕಿದ್ದಾನೆ. ಆ ಹಂಸಾ ಇದ್ದಾಳಲ್ಲ, ಮುಖರ್ಜಿ ನಗರದಲ್ಲಿ ಐ.ಎ.ಎಸ್. ಕೋಚಿಂಗಿಗೆ ಅಂತ ಬಂದು ಪರೀಕ್ಷೆ ಬಿಟ್ಟು ಕಾದಂಬರಿ ಬರೆದವಳು... ಹಾಸ್ಟೆಲಿನ ಪ್ಲೈವುಡ್ ಗೋಡೆ ಆಚೆ ಒಬ್ಬ ಹುಡುಗಿ ರಾತ್ರಿಯೆಲ್ಲ ಮನೆಗೆ ಫೋನ್ ಮಾಡ್ತಿದ್ಲಂತೆ. ಅದೇ ಇವಳ ಕಥೆ. ಆ ಹುಡುಗಿಯನ್ನ ಕೇಳಿ, ಒಪ್ಪಿಸಿ, ಮೊದಲ ಪುಟದಲ್ಲೇ ಅವಳ ಹೆಸರು... ಅಚ್ಛಾ, ಬಿಡಿ. ಈಗಿನ ಮಕ್ಕಳು. ಎಲ್ಲಾ ಹೇಳಿಬಿಡ್ತಾರೆ.

ನನ್ನದು ಅಷ್ಟು ಸುಲಭ ಅಲ್ಲ ನೋಡಿ. ನನ್ನದು ಒಳಗಿಂದ ಬಂದದ್ದು.

ಪುಸ್ತಕ ಕೈಯಲ್ಲೇ ಇದೆಯಲ್ಲ ನಿಮ್ಮದು! ಕೊಂಡುಕೊಂಡ್ರಾ? ಯಾಕೆ, ನಾನು ಸುಮ್ನೆ ಕೊಡ್ತಿದ್ದೆ. "ರೆಕಾರ್ಡ್ ರೂಮಿನ ರಾಯರು". ಸರ್ಕಾರಿ ಕಚೇರಿಯ ಇಲಿ, ಮೂಗಿನ ತುದಿಗೆ ಕನ್ನಡಕ, ಕಿವಿ ಮೇಲೆ ಪೆನ್ನು. ಯಾವ ಕಾಗದ ಬಂದ್ರೂ ಓದೋದೇ ಇಲ್ಲ. ಮೊದಲು ಸಹಿ, ಆಮೇಲೆ ತಿನ್ನೋದು. ನಲವತ್ತೆರಡು ಪುಟ. ಎಲ್ಲಿಂದ ಹೊಳೀತು ಅಂತೀರಾ? ಅದನ್ನೇ ಇವತ್ತು ಹೇಳಬೇಕು, ನಿಮ್ಮ ಮುಂದೆ ಒಂದು ಸಲ ತಾಲೀಮು ಮಾಡ್ತೀನಿ. ರಿಟೈರಾದ ವರ್ಷ, ಹನ್ನೊಂದನೇ ಮಹಡಿ ಬಾಲ್ಕನಿ, ಸಂಜೆ. ಸುಮ್ನೆ ಕೂತಿದ್ದೆ. ಇದ್ದಕ್ಕಿದ್ದ ಹಾಗೆ, ಮಿಂಚು ಹೊಡೆದ ಹಾಗೆ, ಆ ಇಲಿ ನನ್ನ ಕಣ್ಣ ಮುಂದೆ...

ಏನಾಯ್ತು? ಕೆಮ್ಮು? ಈ ಡೆಲ್ಲಿ ಗಾಳಿ ಇದೆಯಲ್ಲ, ನವೆಂಬರ್ ಬಂತೂಂದ್ರೆ ಮುಗೀತು. ನೀರು ಕುಡೀರಿ.

ಹಾಂ, ಮಿಂಚು. ಪೆನ್ಸಿಲ್ ತಗೊಂಡೆ. ಜನ್ಮದಲ್ಲಿ ಚಿತ್ರ ಬರೆದವನಲ್ಲ ನಾನು, ನಿಮಗೇ ಗೊತ್ತು. ನಾನು ಗೆರೆ ಎಳೆದ್ರೆ ಸ್ಕೇಲಿಗೂ ನಾಚಿಕೆ ಆಗ್ತಿತ್ತು. ಆದ್ರೆ ಅವತ್ತು ಕೈ ತಾನಾಗೇ ಓಡ್ತು! ಕಿಟಕಿ ಗಾಜಿಗೆ ಹಾಳೆ ಒತ್ತಿಕೊಂಡು ಬರೀತಿದ್ದೆ, ಬೆಳಕು ಚೆನ್ನಾಗಿ ಬರಲಿ ಅಂತ. ಯಾಕೆ, ಹುಬ್ಬೇರಿಸಿದಿರಿ? ಎಷ್ಟೋ ಕಲಾವಿದರು ಹಾಗೇ... ಮತ್ತೆ ಕೆಮ್ಮು! ತಗೊಳ್ಳಿ, ಜ್ಯೇಷ್ಠಮಧು ಇದೆ ಜೋಳಿಗೆಯಲ್ಲಿ, ಗಿರಿಜಾ ಹಾಕಿ ಕಳಿಸಿದ್ದಾಳೆ. ಬೇಡ್ವಾ?

ಅಲ್ಲಾ, ನೀವು ಧಾರವಾಡಕ್ಕೆ ಹೋದಿರಿ ಅಂತ ಯಾರೋ ಹೇಳಿದ್ರಲ್ಲ ನನಗೆ? ನಾನಂತೂ ಅದನ್ನೇ ನಂಬಿಕೊಂಡು... ಮಗಳ ಕ್ವಾರ್ಟರ್ಸಾ? ಇಲ್ಲೇ? ಸ್ಫೂರ್ತಿಗೆ ಸರ್ಕಾರಿ ಕೆಲಸ ಆಯ್ತಾ! ಎಷ್ಟು ಸಂತೋಷ. ಇಲ್ಲೇ ಎರಡು ಬೀದಿ ಆಚೆ. ಚಲೋ... ಒಳ್ಳೇದಾಯ್ತು. ಬಹಳ ಒಳ್ಳೇದಾಯ್ತು.

ನಿಜ ಹೇಳ್ತೀನಿ, ಎಲ್ಲರಿಗೂ ಮೆಚ್ಚುಗೆ ಆದದ್ದು ಇಲಿ ಅಲ್ಲ, ಚಂದ್ರ. ಗಮನಿಸಿದಿರಾ? ಪ್ರತಿ ಪುಟದ ಎಡಮೂಲೆಯಲ್ಲಿ ಒಂದು ಸಣ್ಣ ಚಂದ್ರ. ಹಗಲು ಹೊತ್ತಿನ ಚಿತ್ರದಲ್ಲೂ ಚಂದ್ರ, ಕಚೇರಿ ಒಳಗೂ ಚಂದ್ರ, ಬೀರುವಿನ ಒಳಗೂ ಚಂದ್ರ! ಚಂದ್ರಮೋಹನನ ಮುದ್ರೆ ಅಂದ್ರು ಕೆಲವರು. ಒಬ್ಬ ವಿಮರ್ಶಕರಂತೂ ಆ ಚಂದ್ರನ ಮೇಲೇ ಎರಡು ಪುಟ ಬರೆದಿದ್ದಾರೆ, "ವ್ಯವಸ್ಥೆಯೊಳಗಿನ ಒಂಟಿತನದ ತಣ್ಣನೆಯ ಸಾಕ್ಷಿ" ಅಂತ. ಗಿರಿಜಾಗೆ ಎರಡು ಸಲ ಓದಿ ಹೇಳಿದೆ. ಪ್ರಕೃತಿ ಇವತ್ತು ಅದನ್ನ ಕೇಳ್ತಾಳೆ, ಖಂಡಿತ. ನಾನು ಛಾವಣಿ ಕಡೆ ನೋಡಿ, ಹೀಗೆ ಹೇಳಬೇಕು ಅಂತಿದ್ದೀನಿ: "ಆ ಚಂದ್ರ... ನನ್ನ ಮೂವತ್ತೇಳು ವರ್ಷದ ಒಂಟಿತನ."

...

ಈ ಕೆಮ್ಮು.

ತಡೀರಿ, ತಡೀರಿ. ಈ ಕೆಮ್ಮು ನನಗೆ ಗೊತ್ತು ವಿಮಲಾ ಅವರೇ. ಇದು ಡೆಲ್ಲಿ ಗಾಳಿದಲ್ಲ. ಫೈಲು ಓದದೆ ಸಹಿ ಹಾಕೋಕೆ ಹೊರಟಾಗ ಎದುರು ಮೇಜಿನಿಂದ ಒಂದು ಸಣ್ಣ ಕೆಮ್ಮು ಬರ್ತಿತ್ತಲ್ಲ... ಸಾರ್, ತಪ್ಪಿದೆ ನೋಡಿ ಅಂತ ಬಾಯಿಬಿಟ್ಟು ಹೇಳದೆ. ಆ ಕೆಮ್ಮಿಗೆ ಪೆನ್ನು ಎತ್ತಿಬಿಡ್ತಿದ್ದೆ ನಾನು. ಎಷ್ಟು ಮೆಮೋಗಳಿಂದ ಉಳಿಸಿದೆ ಆ ಕೆಮ್ಮು ನನ್ನನ್ನ! ಅಂದ್ರೆ ಆಗಿಂದ ನೀವು... ಮಿಂಚಿಗೊಂದು, ಕಿಟಕಿಗೊಂದು...

ಯಾಕೆ ಪುಸ್ತಕ ತೆಗೀತಿದ್ದೀರಿ? ಬೆರಳು ಯಾಕೆ ಅಲ್ಲಿಟ್ಟಿರಿ? ಅದು ಚಂದ್ರ ಅಂತ ಹೇಳಿದ್ನಲ್ಲ.

ಹಾಗೆ ನೋಡಬೇಡಿ ವಿಮಲಾ ಅವರೇ.

...ಗೊತ್ತಾಯ್ತಲ್ಲ ನಿಮಗೆ. ಗೊತ್ತಾಗದೆ ಇರುತ್ತಾ! ನೋಟ್‌ಶೀಟಿನ ಎಡಮೂಲೆಯಲ್ಲಿ ತೂತು ಇರುತ್ತೆ, ಟ್ಯಾಗು ಪೋಣಿಸೋಕೆ. ನಿಮ್ಮ ಆ ಹಸಿರು ಹಾಳೆಗಳನ್ನ ಕಿಟಕಿ ಗಾಜಿಗೆ ಒತ್ತಿ, ಮೇಲೆ ತೆಳು ಕಾಗದ ಇಟ್ಟು ನಕಲು ತೆಗೆಯುವಾಗ ಆ ತೂತಿನಿಂದ ಬೆಳಕು ಫಳ್ ಅಂತ ಬರ್ತಿತ್ತು. ಅದೂ ಚಿತ್ರದ ಭಾಗ ಅಂತ ದುಂಡಗೆ ಬರೆದುಬಿಟ್ಟೆ! ನಲವತ್ತೆರಡು ಸಲ! ಮೂವತ್ತೇಳು ವರ್ಷ ನೋಟ್‌ಶೀಟ್ ಮುಟ್ಟಿದ ಕೈ, ತೂತನ್ನ ಗುರುತು ಹಿಡೀಲಿಲ್ಲ. ಅಚ್ಚಾಗಿ ಬಂದ ಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಒಂಟಿತನ ಆಗಿಹೋಗಿತ್ತು ಅದು. ನಗಿ! ದಯವಿಟ್ಟು ಈಗಲಾದ್ರೂ ನಗಿ.

ಹರಿದು ಹಾಕಿದೆ ಅಂತ ಹೇಳಿದ್ದೆ ಅಲ್ವಾ ನಿಮಗೆ. ಜಾಯಿಂಟ್ ಸೆಕ್ರೆಟರಿ ಇನ್ಸ್‌ಪೆಕ್ಷನ್ನಿಗೆ ಬರ್ತಾರೆ ಅಂತ ಎಲ್ಲರ ಡ್ರಾಯರ್ ತೆಗೆಸಿದ ದಿನ. ನಿಮ್ಮ ಡ್ರಾಯರಿನಲ್ಲಿ ಒಂದು ಕಟ್ಟು ಇಲಿ. "ಸರ್ಕಾರ ನೋಟ್‌ಶೀಟ್ ಕೊಡೋದು ಇಲಿ ಬರೆಯೋಕಲ್ಲಾ ಮೇಡಂ!" ಅಂತ ಇಡೀ ಸೆಕ್ಷನ್ ಮುಂದೆ ಕಿರುಚಿದೆ. ಪ್ಯೂನ್ ಶಂಕರಪ್ಪ ಕೂಡ ತಲೆ ತಗ್ಗಿಸಿದ. ಸಂಜೆ ನೀವು ಹಾಳೆ ವಾಪಸ್ ಕೇಳಿದಿರಿ. ಒಂದೇ ಒಂದು ಸಲ ಕೇಳಿದಿರಿ. ಹರಿದು ಬಿಸಾಕಿದೆ ಅಂದೆ. ಆಮೇಲೆ ನೀವು ಬರೀಲೇ ಇಲ್ಲ. ನಾನು ನೋಡ್ತಿದ್ದೆ. ಊಟದ ಹೊತ್ತಿನಲ್ಲಿ ಪೆನ್ಸಿಲ್ ಕೈಗೆತ್ತಿಕೊಂಡು ಮತ್ತೆ ಡಬ್ಬಿಗೆ ಹಾಕ್ತಿದ್ದಿರಿ.

ಹರಿದಿರಲಿಲ್ಲ. ನನ್ನ ಬೀರುವಿನಲ್ಲಿತ್ತು. ಐದು ಗಂಟೆ ಮೇಲೆ ಎಲ್ಲರೂ ಹೋದ್ಮೇಲೆ ಬಾಗಿಲು ಹಾಕ್ಕೊಂಡು ಓದಿ ನಗ್ತಿದ್ದೆ, ಒಬ್ಬನೇ. ಹೊಟ್ಟೆ ಹುಣ್ಣಾಗೋ ಹಾಗೆ. ವಾಪಸ್ ಕೊಡಬೇಕು ಅಂತ ಹತ್ತು ಸಲ ಅಂದ್ಕೊಂಡೆ. ಆದ್ರೆ ಹರಿದೆ ಅಂತ ಹೇಳಿಯಾಗಿತ್ತಲ್ಲ. ಸೆಕ್ಷನ್ ಆಫೀಸರ್ ಸುಳ್ಳು ಹೇಳಿದ ಅಂತ ಆಗುತ್ತಲ್ಲ! ನಿಮಗೆ ಬೇರೆ ಸಚಿವಾಲಯಕ್ಕೆ ವರ್ಗ ಆದಾಗ, ಸದ್ಯ, ಬದುಕಿದೆ ಅಂದ್ಕೊಂಡೆ.

ರಿಟೈರಾದೆ, ಆ ಕಟ್ಟೂ ನನ್ನ ಜೊತೆ ಮನೆಗೆ ಬಂತು. ಏಳು ತಿಂಗಳು ಯಾರೂ ನನ್ನ ಮುಂದೆ ಒಂದು ಕಾಗದ ತಂದಿಡಲಿಲ್ಲ. ಹಾಲಿನವನ ಚೀಟಿಗೂ ಗಿರಿಜಾನೇ ಸಹಿ ಹಾಕ್ತಾಳೆ. ಒಂದಿನ ಚರಣ್ ಮನೆಗೆ ಬಂದಾಗ ಮೇಜಿನ ಮೇಲಿದ್ದ ಹಾಳೆ ನೋಡಿ, "ಅಂಕಲ್, ಯೇ ಆಪ್ನೇ ಬನಾಯಾ?", ಇದು ನೀವೇ ಬರೆದದ್ದಾ ಅಂದ. ಹೌದು ಅನ್ನಲಿಲ್ಲ ನಾನು. ಆಣೆ ಮಾಡಿ ಹೇಳ್ತೀನಿ, ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ನೀವು ಕರಡು ಬರೆದು ತರೋದು, ನಾನು ಕೆಳಗೆ ಸಹಿ ಹಾಕೋದು, ಅದು ನನ್ನ ಟಿಪ್ಪಣಿ ಅಂತ ಮೇಲೆ ಹೋಗೋದು... ಹದಿಮೂರು ವರ್ಷ ಹಾಗೇ ನಡೀತಲ್ಲ ನಮ್ಮದು! ಅಭ್ಯಾಸ. ಒಂದು ವ್ಯತ್ಯಾಸ, ಫೈಲಿನಲ್ಲಿ ಎಡಗಡೆ ನಿಮ್ಮ ಸಹಿ ಇರ್ತಿತ್ತು, ಬಲಗಡೆ ನನ್ನದು. ಇಲ್ಲಿ ಬಲಗಡೆ ಒಂದೇ. ಮತ್ತೆ ಒಂಬತ್ತನೇ ಪುಟದ ಜೋಕು ಮಾತ್ರ ನನ್ನ ಸ್ವಂತದ್ದು. ಅದೊಂದಕ್ಕೇ ಇವತ್ತಿನವರೆಗೂ ಯಾರೂ ನಕ್ಕಿಲ್ಲ.

ಏನು... ಇನ್ನೂ ಏನಿದೆ? ಮುಖಪುಟ ಯಾಕೆ ನನ್ನ ಕಡೆ ತಿರುಗಿಸಿದಿರಿ? ಇಲಿ. ನೋಡಿದ್ದೀನಿ. ಕನ್ನಡಕ, ಬೊಕ್ಕ ತಲೆ, ಕಿವಿ ಮೇಲೆ ಪೆನ್ನು...

ಅಯ್ಯೋ. ನನ್ನ ಕಿವಿ ಮೇಲೆ ಈಗಲೂ ಪೆನ್ನಿದೆ.

ವಿಮಲಾ ಅವರೇ! ಇದು ನಾನಾ? ಓದದೆ ಸಹಿ ಹಾಕೋದು... ಹದಿಮೂರು ವರ್ಷ ನನ್ನ ಎದುರಿಗೇ ಕೂತು... ಎಲ್ಲರೂ ಕೇಳ್ತಿದ್ರು, ಅಂಕಲ್ ಈ ಇಲಿ ಥೇಟ್ ನಿಮ್ಮ ಹಾಗೇ ಇದೆಯಲ್ಲ ಅಂತ! ಕಲಾವಿದ ತನ್ನನ್ನೇ ಬರೆದುಕೊಳ್ತಾನೆ ಅಂತ ದೊಡ್ಡ ಗತ್ತಿನಿಂದ ಹೇಳ್ತಿದ್ದೆ! ನನ್ನ ಮೇಲೇ ಬರೆದ ಗೇಲಿಯನ್ನ ಕದ್ದು, ನನ್ನ ಹೆಸರು ಹಾಕಿ, ನನ್ನ ಕೈಯಾರೆ ಅಚ್ಚು ಮಾಡಿಸಿ ಊರಿಗೆಲ್ಲ ಹಂಚಿದ್ದೀನಿ... ಓದದೆ ಸಹಿ ಹಾಕೋದು ಅಂದ್ರೆ ಇದೇ, ಅಲ್ವೇನ್ರೀ?

ಕರೀತಿದ್ದಾರೆ. ಕೇಳಿಸ್ತಾ? ಪ್ರಕೃತಿ ಮೈಕಿನಲ್ಲಿ ಹೆಸರು ಹೇಳ್ತಿದ್ದಾಳೆ.

ಪೆನ್ನು ತಗೊಳ್ಳಿ. ಮೊದಲ ಪುಟ, ಎಡಗಡೆ ಜಾಗ ಖಾಲಿ ಇದೆ, ನಿಮ್ಮ ಸಹಿ... ಬೇಡ್ವಾ? ಯಾಕೆ ತಳ್ತೀರಿ? ವೇದಿಕೆ ಕಡೆ ಯಾಕೆ ನೋಡ್ತೀರಿ? ಅಲ್ಲಿ ಹೋಗಿ ಹೇಳಬೇಕಾ? ಅಷ್ಟು ಜನದ ಮುಂದೆ? ಸೆಕ್ಷನ್ ಮುಂದೆ ಕಿರುಚಿದವನು, ಕ್ಯಾಂಟೀನಿನಲ್ಲಿ ಪಿಸುಗುಟ್ಟಿದ್ರೆ ಆಗಲ್ಲ... ಸರಿ. ಸರಿ ವಿಮಲಾ ಅವರೇ. ನ್ಯಾಯ ಅದೇ.

ಬನ್ನಿ, ಮೊದಲನೇ ಸಾಲಿನಲ್ಲಿ ಕೂತ್ಕೊಳ್ಳಿ. ನನ್ನನ್ನ ನಂಬಬೇಡಿ, ಮೈಕು ಸಿಕ್ಕಿದ್ರೆ ಮತ್ತೆ ಮಿಂಚು ಅಂತೀನಿ, ಒಂಟಿತನ ಅಂತೀನಿ. ಹಾಗೇನಾದ್ರೂ ಶುರು ಮಾಡಿದ್ರೆ ಕೆಮ್ಮಿಬಿಡಿ. ಗಟ್ಟಿಯಾಗಿ. ಮೊದಲ ವಾಕ್ಯ ಇಲ್ಲೇ ಹೇಳ್ತೀನಿ, ಕೇಳಿ: "ಎಲ್ಲಿಂದ ಹೊಳೆಯಿತು ಅಂತ ನನ್ನನ್ನ ಕೇಳಬೇಡಿ. ಈ ಪುಸ್ತಕ ಬರೆದವರು ಮೊದಲನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಬರೀ ಇಲಿ."

...

ಕೆಮ್ಮಲಿಲ್ಲ ನೀವು.