ಮಗಳು ಯಾಕೆ ಬಂದಿಲ್ಲ ಅಂದ್ರೆ

…ಅದೇ ಹೇಳ್ತಿದೀನಲ್ಲ ರೀ, ಶಾಲೇಲಿ ಪರೀಕ್ಷೆ ಇದೆ ಮಗಳಿಗೆ. ಅದಕ್ಕೇ ಬಂದಿಲ್ಲ. ಮಲಗಿ ಸುಮ್ನೆ! ಮೊನ್ನೆ ತಾನೇ ಎದೆ ಹಿಡ್ಕೊಂಡು ಬಸ್ಸಿನ ಸ್ಟಿಯರಿಂಗ್ ಮೇಲೆ ಬಿದ್ದೋರು ನೀವು. ಕೈಯಿಂದ ನಳಿಕೆ ತೂರಿಸಿ, ಮುಚ್ಚಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದಾರೆ. ಆ ಕೈ ಮಡಚ್ಬೇಡಿ ಅಂದಿಲ್ವಾ?

ನಗು ಬೇರೆ! ನಂಗೇನೂ ನಗು ಬರಲ್ಲಪ್ಪ. ಡಾಕ್ಟ್ರು ನಿಮ್ಮಮ್ಮನ್ನ ಕೇಳಿದ್ರು, "ಚಿಕ್ಕವರಿದ್ದಾಗ ನಿಮ್ಮ ಮಗ ದಪ್ಪ ಇದ್ರಾ?" ಅಂತ. ಅತ್ತೆ ಮುಖ ನೋಡ್ಬೇಕಿತ್ತು! "ಎತ್ಕೊಂಡ್ರೆ ನನ್ನ ಸೊಂಟ ಉಳೀತಿರ್ಲಿಲ್ಲ, ಹಾಗಿದ್ದ!" ಅಂತ ಹೆಮ್ಮೆ. ಆಮೇಲೆ ಕೆಲಸಕ್ಕೆ ಸೇರೋ ಹೊತ್ತಿಗೆ ಕಡ್ಡಿ ಆದ್ರಿ, ಸರಿ… ಆದ್ರೂ ಚಿಕ್ಕ ವಯಸ್ಸಲ್ಲಿ ಏರಿದ ತೂಕ ರಕ್ತನಾಳದ ಗೋಡೆ ಮೇಲೆ ಗುರುತು ಬಿಟ್ಟಿರಬಹುದಂತೆ. ಬಹುದು ಅಂದ್ರು, ಅಷ್ಟೇ. ಬೇಗ ಇಳಿಸ್ಕೊಂಡ್ರೆ ನಾಳಗಳೂ ಸುಧಾರಿಸ್ಕೊಳ್ತವಂತೆ. ಮಕ್ಕಳದ್ದಂತೂ…

ಯಾವ ಮಕ್ಕಳು ಅಂದ್ರೆ? ಎಲ್ಲಾ ಮಕ್ಕಳು! ನಮ್ಮವಳಿಗೇನಾಗಿದೆ? ಎರಡು ವರ್ಷದಿಂದ ಮೈ ತುಂಬ್ಕೊಂಡಿದಾಳೆ, ಬೆಳೆಯೋ ಹುಡುಗಿ. ಹಾಂ, ಇನ್ಮೇಲೆ ಅವಳನ್ನ ಗುಂಡಮ್ಮ ಅನ್ಬೇಡಿ. ಯಾಕೂ ಇಲ್ಲ. ಅನ್ಬೇಡಿ ಅಷ್ಟೇ.

ನಿನ್ನೆನಾ? ನಿನ್ನೆ ನರ್ಸು ತಮಾಷೆಗೆ ಅವಳ ತೋಳಿಗೂ ಬಿಪಿ ಪಟ್ಟಿ ಸುತ್ತಿದ್ಲು, ನೀವೇ ನೋಡಿದ್ರಲ್ಲ. ಹೊರಗೆ ಕರ್ಕೊಂಡ್ಹೋಗಿ ಇನ್ನೊಂದ್ಸಲ ಸುತ್ತಿದ್ಲು… ಡಾಕ್ಟ್ರೂ ಒಂದ್ಸಲ… ಮಿಷಿನ್ನು ಕೆಟ್ಟಿರತ್ತೆ ರೀ! ಅಷ್ಟಕ್ಕೇ ಯಾಕೆ ಹಾಗ್ ನೋಡ್ತೀರಿ? ನೆಗಡಿ ಆಗಿದೆ, ಮನೇಲಿ ಮಲಗಿದಾಳೆ ಅಂದ್ನಲ್ಲ.

…ಪರೀಕ್ಷೆ ಅಂದಿದ್ನಾ?

ಬೈಯ್ರಿ ಬೇಕಾದ್ರೆ. ಅಯ್ಯೋ, ಚಪ್ಪಲಿ ಯಾಕೆ ಹುಡುಕ್ತಿದೀರಾ? ಕಾಲು ಕೆಳಗಿಡ್ಬೇಡಿ! ಆ ವೈರು… ರೀ!

ಕೆಳಗಿನ ಮಹಡೀಲಿದಾಳೆ. ಬಿಪಿ ಜಾಸ್ತಿ ಬಂತು ಅಂತ ಕತ್ತಿನ ರಕ್ತನಾಳದ ಸ್ಕ್ಯಾನು, ಗೋಡೆ ಮೇಲೆ ಗುರುತು ಬಿದ್ದಿದೆಯಾ ನೋಡಕ್ಕೆ. ನೋವೇನೂ ಆಗಲ್ವಂತೆ. ಅತ್ತೆ ಜೊತೇಲಿದಾರೆ. "ಅಪ್ಪಂಗೆ ಹೇಳ್ಬೇಡಮ್ಮ, ಹೆದರ್ಕೊಂಡುಬಿಡ್ತಾರೆ" ಅಂತ ಅವಳೇ ಅಂದಿದ್ದು… ಅವಳೇ ರೀ, ಹನ್ನೊಂದು ವರ್ಷದ ಕೂಸು!

ತಾಳಿ, ತಾಳಿ. ನಡೀಬೇಡಿ. ನರ್ಸನ್ನ ಕೇಳಿ ಗಾಲಿ ಕುರ್ಚಿ ತರ್ತೀನಿ. ನಾನೂ ಬರ್ತೀನಿ… ಆ ಸ್ಕ್ಯಾನ್ ಕೋಣೆ ಬಾಗಿಲ ಮುಂದೆ ನಿಲ್ಲಕ್ಕಾಗ್ದೇ ತಾನೇ ರೀ, ಇಲ್ಲಿಗೆ ಓಡಿಬಂದಿದ್ದು ನಾನು.