ಎಡ ಹುರಿಯ ಹಗ್ಗ

ಅಲ್ಲಕ್ಕಾ, ಆ ಗಂಟಿನ್ಯಾಗ ಏನೈತಿ ಅಂತ ಕೇಳಿದ್ನಿ, ಅಷ್ಟ! ಅದಕ್ಯಾಕ ಉಡಿಯಾಗ ಹಿಂಗ ಅವಚಿ ಹಿಡಕೊಂಡಿ? ಕೆಳಗ ಇಡು. ನಾ ಏನ ಕಸಗೋತೇನೇನ?... ಬ್ಯಾಡಾ? ಆತು, ಬ್ಯಾಡ. ಭಕ್ರಿ ಕಟಗೊಂಡ ಬಂದಿರ್ಬೇಕು, ತಮ್ಮನ ಮನ್ಯಾಗ ಉಣ್ಣಾಕ ಹಾಕತಾರೋ ಇಲ್ಲೋ ಅಂತ! ಯಾಕ ನಗತಿ?... ನಕ್ಕಿಲ್ಲಾ? ನಕ್ಕಂಗಾತು ನನಗ.

ಕುಂದ್ರು, ಈ ಹೊರಸಿನ ಮ್ಯಾಲ ಕುಂದ್ರು. ಧೂಳ ನೋಡಬ್ಯಾಡ, ಮನಿ ಅಂದ್ರ ಈಗ ಅರ್ಧಾ ಸಿಮಿಟು, ಅರ್ಧಾ ಉಸುಕು. ಆ ಕಿಡಕಿ ನೋಡಿದಿ? ಹೊಸಾದು. ಅಪ್ಪನ ಕಾಲದಾಗ ಅಲ್ಲಿ ಬರೇ ಒಂದ ಗೂಡಿತ್ತು. ಈಗ ಓಣಿ ಪೂರಾ ಕಾಣತೈತಿ. ಯಾರ ಬಂದ್ರು, ಯಾರ ಹೋದ್ರು, ಯಾರ ನಿಂತ ನಮ್ಮ ಮನಿ ಕಡೆ ನೋಡಿದ್ರು... ಎಲ್ಲಾ ಕಾಣತೈತಿ. ಅದಕ್ಕ ಕೇಳಾಕತ್ತೇನಿ. ಐಗಳಿಯಿಂದ ಅಥಣಿ, ಅಥಣಿಯಿಂದ ಕಾಗವಾಡ, ಅಲ್ಲಿಂದ ಶೇಡಬಾಳ... ಮೂರ ಗಾಡಿ ಬದ್ಲಿ ಮಾಡಿ ಬಂದಿ, ಒಂದ ಫೋನಿಲ್ಲ! ವಾಸ್ತುಶಾಂತಿ ಇರೂದು ಸೋಮವಾರ. ಇವತ್ತ ಶುಕ್ರವಾರ. ಯಾರ ಹೇಳಿದ್ರು ಇವತ್ತ ಬಾ ಅಂತ? ಅನುಸೂಯಾ ಹೇಳಿದಳೇನ? ನಮ್ಮಾಕಿ ಹೊಟ್ಟ್ಯಾಗ ಒಂದ ಮಾತ ನಿಲ್ಲಂಗಿಲ್ಲ.

ಮಾರಿ ಹಂಗ ಮಾಡಬ್ಯಾಡ. ಮೂವತ್ತಾರ ವರ್ಸ ಕಂಡಕ್ಟರಕಿ ಮಾಡೀನಿ ನಾ. ಚಿಕ್ಕೋಡಿ–ಮಿರಜ ಗಾಡ್ಯಾಗ ಎಂಬತ್ತ ಮಂದಿ ಜೋತ ಬಿದ್ದಿದ್ರೂ ತಿಕೀಟ ತಗೀಲಾರದಾಂವ ಯಾವ ಸೀಟಿನ್ಯಾಗ ಕುಂತಾನ ಅಂತ ಬಾಗಲದಾಗ ನಿಂತ ಹೇಳತಿದ್ನಿ. ಹೆಂಗ ಅಂತಿ? ಅಂವ ಕಿಡಕಿ ಹೊರಗ ನೋಡತಿರತಾನ! ಹೊರಗ ಏನೂ ಇರಂಗಿಲ್ಲ, ಬರೇ ಕಬ್ಬು, ಆದ್ರೂ ಹೆಂಡ್ತಿ ತವರಿಗಿ ಹೊಂಟಾಳೇನೋ ಅನ್ನಾಂಗ ನೋಡತಿರತಾನ. ನೀ ಬಂದಾಗಿಂದ ನನ್ನ ಮಾರೀನ ನೋಡಾಕತ್ತಿ. ತಿಕೀಟ ತಗಸಿದಾಕಿ ಹಂಗ.

ಈ ಬಾಳಾಸಾಬ ಗೌಂಡಿ ಅದಾನಲ್ಲ, ಅಂವ ಮಾತ್ರ ಎಂಟ ದಿನಾತು, ನನ್ನ ಮಾರಿ ನೋಡವಲ್ಲ. "ಚಾ ಕುಡಿ" ಅಂದ್ರ ಗ್ವಾಡಿ ನೋಡಕೋತ ಕುಡೀತಾನ. ಹೆಂಗಿದ್ದ ಮನಷ್ಯಾ! ಮೊದಲ "ಮಾಮಾ, ಮಾಮಾ" ಅಂತ ಬೆನ್ನ ಬಿಡತಿರಲಿಲ್ಲ. ಏನೋ ಕದ್ದಾನ. ಬರದ ಕೊಡತೇನಿ, ಏನೋ ಕದ್ದಾನ. ನಿಮ್ಮ ಐಗಳಿಯಾಂವನ ಅಲ್ಲ ಅಂವ? ನಿಮ್ಮ ಓಣಿಗಿ ಬರತಿರತಾನೇನ?... ಗೊತ್ತಿಲ್ಲಾ? ಹೂಂ.

ಇರ್ಲಿ. ಈ ಹೊರಸ ಹೆಂಗೈತಿ ಹೇಳು. ನಾನ ಹೆಣದೇನಿ! ಪಿನಶನ್ ಆದ ಮ್ಯಾಲ ಕೈ ಸುಮ್ನ ಕುಂದರವಲ್ಲವು. ಪುಂಡಿನಾರ ತಂದು, ತೊಯಿಸಿ, ಹೊಸದು... ಇಕಾ, ಈಗೂ ಮಾತಾಡಕೋತ ಹೊಸಿಯಾಕತ್ತೇನಿ ನೋಡು. ಅಪ್ಪ ಕಲಿಸಿದ್ದ ಕೈ ಮರೀಲಿಲ್ಲ. ಹಿಂಗಲ್ಲಲೇ, ಬಲಕ್ಕ ತಿರವು, ಬಲಕ್ಕ ತಿರವು ಅಂತ ಅಪ್ಪ ಎಷ್ಟ ಬೈತಿದ್ದ! ನಾ ಡಾವರ್ಯಾ, ಎಡಗೈಯಾಂವ, ನನ್ನ ಹುರಿ ಎಡಕ್ಕ ಬೀಳತಿತ್ತು. ಇಡೀ ಶೇಡಬಾಳದಾಗ ಎಡ ಹುರೀದ ಹಗ್ಗ ಒಬ್ಬಂದ, ಈ ಲಗಮಣ್ಣಂದು! ಹಗ್ಗ ಕಳದರ ಮಂದಿ ಹುರಿ ನೋಡಿ ತಂದ ಕೊಡತಿದ್ರು, ನೆನಪೈತಿ?

...ಅಲ್ಲ್ಯಾಕ ನೋಡತಿ? ಹೌದು, ಅಲ್ಲೆ ಇತ್ತು ಹಗೇವು, ಜ್ವಾಳ ತುಂಬಿಡೂ ತೆಗ್ಗು. ಪಡಸಾಲಿ ನಡಬರ್ಕ. ಮುಚ್ಚಿ ಆತು, ಮುರುಮ ಮಣ್ಣ ತುಂಬಿಸಿ ಬಡಿಸೇನಿ. ನಾಳಿ ಮ್ಯಾಲ ಫರಶಿ ಬೀಳತೈತಿ. ತುಂಬಲಿಲ್ಲಂದ್ರ ಫರಶಿ ಕುಸೀತೈತಿ ಅಂದ ಗೌಂಡಿ, ಅದಕ್ಕ ತೆರಿಬೇಕಾತು. ಐವತ್ತೈದ ವರ್ಸ ಆ ಕಲ್ಲ ಎತ್ತಿರಲಿಲ್ಲ ಯಾರೂ. ನನಗೇನ ಹೌಸಿತ್ತೇನ ತೆರ್ಯಾಕ?

ಹಳೇದ್ಯಾಕೀಗ? ನಾ ಏನೂ ಅನ್ನಂಗಿಲ್ಲ ನಿನಗ, ಯಾವತ್ತೂ ಅಂದಿಲ್ಲ. ಹನ್ನೊಂದ ವರ್ಸದಾಕಿ ನೀ, ಒಲೀ ಮುಂದ ಭಕ್ರಿ ಬಡ್ಯಾಕತ್ತಿದ್ದಿ, ಮರತಿ. ಅಪ್ಪ ಕಲ್ಲ ಸರಿಸಿ, "ದೀಪ ಇಳಿಸಿ ನೋಡ್ರಿ, ದೀಪ ಆರಿದ್ರ ಒಳಗ ಕೆಟ್ಟ ಗಾಳಿ ಐತಂತ ತಿಳೀರಿ, ನಾ ಬರೂತನಕ ಯಾರೂ ಇಳೀಬ್ಯಾಡ್ರಿ" ಅಂತ ಹೇಳಿ ಚಾವಡಿಗಿ ಹೋದ. ನೀ ದೀಪ ತರಲಿಲ್ಲ. ಭೀಮ್ಯಾ ಆರ ವರ್ಸದ ಕೂಸು, ಅದಕ್ಕೇನ ತಿಳೀತೈತಿ, ನಾ ಹಿಡಿಯೂದ್ರಾಗ ಹಗ್ಗ ಹಿಡದ ಇಳದ ಬಿಟ್ಟ. ಜ್ವಾಳದ ಮ್ಯಾಲ ಮಲಗಿದಂಗ ಮಲಗಿದ್ದ ನಮ್ಮ ತಮ್ಮ. ಏಳಲಿಲ್ಲ. ಅದರಾಗ ಯಾರ ತಪ್ಪೂ ಇಲ್ಲ, ಅಕ್ಕಾ. ಹಣೇಬರಾ.

ಅವ್ವ ಮಾತ್ರ ಕಲ್ಲಾದಳು. "ಶಿವಗಂಗಾನ ಕೈಲೆ ಈ ಮನ್ಯಾಗ ದೀಪ ಹಚ್ಚಸಬ್ಯಾಡ್ರಿ" ಅಂದಳಲ್ಲ, ಸಾಯೂತನಕ ಅದನ್ನ ಅಂದಳು. ನನ್ನ ಲಗ್ನದಾಗ ಆರತಿ ನೀ ಹಿಡೀಲಿಲ್ಲ. ನಮ್ಮ ಸಂಜಯನ ಲಗ್ನದಾಗ... ಹೌದು, ಆವಾಗ ಅವ್ವ ಇರಲಿಲ್ಲ. ಆದ್ರೂ ಹಿರೇರ ಮಾತಲ್ಲ? ಈಗ ಸೋಮವಾರಾನೂ... ನೀ ಬ್ಯಾಸರಾ ಮಾಡಕೋಬ್ಯಾಡ. ಮನಿ ಮಗಳ ದೀಪಾ ಹಚಗೊಂಡ ಮೊದಲ ಒಳಗ ಬರಬೇಕು, ಪದ್ಧತಿ ಖರೇ. ಆದ್ರ ಅನುಸೂಯಾನ ತಂಗಿ ತಾರಾಬಾಯಿ ಹಿಡೀಲಿ ಅಂತ ಮಾಡೇವಿ. ನೀ ಸೀರಿ ಉಟಗೊಂಡ ಆರಾಮ ಕುಂದ್ರು. ಏನಂತಿ?

ಏನರ ಅನ್ನು!

...ಒಂದ ಮಾತ ಕೇಳತೇನಿ, ಖರೇ ಹೇಳು. ಹಗೇವು ತೆರದಾಗ ನಾ ಬಾಜೂಕ ಕುರ್ಚಿ ಹಾಕ್ಕೊಂಡ ಕುಂತಿದ್ನಿ, ಒಂದ ಕ್ಷಣ ಬಿಡಲಿಲ್ಲ. ಬಂಗಾರಕ್ಕ ಕುಂತಾನ ಅಂತ ಓಣ್ಯಾಗಿನ ಮಂದಿ ನಕ್ರು, ನಗವಲ್ಲರ್ಯಾಕ. ಒಂದ ದಿನ, ಒಂದ ದಿನ ಚಿಕ್ಕೋಡಿಗಿ ಹೋಗಿದ್ನಿ. ನಾ ಇನ್ನೂ ಜೀವಂತ ಅದೇನಿ ಅಂತ ಹೆಬ್ಬಟ್ಟ ಒತ್ತಿ ಬರಬೇಕಲ್ಲ, ಇಲ್ಲಂದ್ರ ಪಿನಶನ್ ನಿಂದರಸತಾರ. ಬರೂದ್ರಾಗ ಬಾಳಾಸಾಬ ಒಳಗ ಇಳದು, ಕರ್ರಗಾದ ಜ್ವಾಳದ ಪುಡಿ ಎಲ್ಲಾ ತಗದ ಹಾಕಿದ್ದ. "ಏನರ ಸಿಕ್ಕೇನಪಾ?" ಅಂದ್ನಿ. "ಏನಿಲ್ಲ ಮಾಮಾ" ಅಂದು ಗ್ವಾಡಿ ನೋಡಿದ. ಆವತ್ತಿಂದ ಅಂವ ಗ್ವಾಡೀನ ನೋಡಾಕತ್ತಾನ.

ಅಕ್ಕಾ... ಅಂವ ನಿನ್ನ ಮನಿಗಿ ಬಂದಿದ್ನ? ಏನ ಕೊಟ್ಟ?

ಬಿಚ್ಚಾಕತ್ತಿ? ಬ್ಯಾಡ, ಇರ್ಲಿ ಬಿಡು. ನಿನ್ನ ಗಂಟು, ನಿನ್ನ ಭಕ್ರಿ... ಮೊದಲ ಚಾ ಕುಡಿ. ಅನುಸೂಯಾ! ಎಲ್ಲಿ ಹೋದಳೋ... ಅಕ್ಕಾ, ಬಿಚ್ಚಬ್ಯಾಡ ಅಂದ್ನಲ್ಲ!

...

ಇದೇನಿದು? ಹಳೇ ಚಿಮಣಿ ದೀಪ. ಇಂಥಾ ಹಿತ್ತಾಳಿ ಚಿಮಣಿ ಸಂತ್ಯಾಗ ಬೇಕಾದಷ್ಟ ಸಿಗತಿದ್ವು. ನಮ್ಮ ಆಯೀದಲ್ಲ ಇದು. ಆಯೀದಕ್ಕ ಹಿಡಿಕಿ ಮುರದಿತ್ತು, ತಂತಿ ಸುತ್ತಿದ್ಲು... ಹೂಂ. ಇದಕ್ಕೂ ತಂತಿ ಐತಿ. ಹಂಗಾರ ಅಪ್ಪನ ಒಗದಿರಬೇಕು. ಭೀಮ್ಯಾನ್ನ ಮ್ಯಾಲ ತಗೀಬೇಕಾದ್ರ ಏನ ಕಡಮಿ ಗದ್ಲಿತ್ತೇನ? ಯಾರೋ ಆಮ್ಯಾಲ ಇಳಿಸಿರಬೇಕು. ಕಾಕಾ ಇಳಿಸಿರಬೇಕು!

ಯಾಕ ಹಂಗ ನೋಡತಿ? ಬೈಯಾದ್ರ ಬೈ! ಸುಮ್ನ ಕುಂತರ ನನಗ ಹೆಂಗ ತಿಳೀಬೇಕು?

ಆ ಚಿಮಣಿಗಿ ಕಟ್ಟಿದ ಹಗ್ಗದ ತುಂಡ ಮುಟ್ಟಬ್ಯಾಡ, ಪುಡಿ ಆದೀತು... ನನ್ನ ಕೈಯಾಗಿಂದ್ಯಾಕ ಕಸಗೋತಿ? ಇದು ಹೊಸಾದು, ಇದು ಈಗ ಹೊಸದದ್ದು... ಎರಡನೂ ಬಾಜೂಕ ಇಡಬ್ಯಾಡಕ್ಕಾ.

ಇಡಬ್ಯಾಡ.

...ಎಡ ಹುರಿ.

ಹೌದು. ಎರಡೂ ಎಡ ಹುರಿ.

ತಂದಿದ್ದಿ. ನೀ ದೀಪ ತಂದಿದ್ದಿ. ಹಚ್ಚಿ ನನ್ನ ಕೈಯಾಗ ಕೊಟ್ಟು, ಭಕ್ರಿ ಹೊತ್ತತಾವು ಅಂತ ಓಡಿ ಹೋದಿ. ನನ್ನ ಹಗ್ಗಕ್ಕ ಕಟ್ಟಿ ಇಳಿಸಿದ್ನಿ. ಅರ್ಧಕ್ಕ ಹೋಗೂದ್ರಾಗ ಆರಿತು. ಪಟ್ಟನ ಆರಿತು. ನನಗ ಗೊತ್ತಾತು... ಅಲ್ಲ, ಗಾಳಿಗಿ ಆರಿತು ಅಂತ ಅನಕೊಂಡ್ನಿ. ಖರೇ ಅಂದ್ರ, ಅನಕೋಬೇಕಂತ ಅನಕೊಂಡ್ನಿ. ಭೀಮ್ಯಾ ಕಾಲ ಬಡ್ಯಾಕತ್ತಿದ್ದ, ಈ ಸಲ ನಾ ಇಳೀತೇನಿ, ನನ್ನ ಇಳಸು, ನನ್ನ ಬಗರಿ ಕೊಡತೇನಿ ಅಂತ. ಕೆಂಪ ಬಗರಿ. ಅಪ್ಪ ಮಿರಜ ಸಂತ್ಯಾಗ ಅಂವಗಷ್ಟ ಕೊಡಿಸಿದ್ದ. ಒಂದ ಬಗರಿ ಸಲವಾಗಿ ನಾನ ನಡಕ ಇನ್ನೊಂದ ಹಗ್ಗಾ ಕಟ್ಟಿ ಇಳಿಸಿದ್ನಿ, ಅಕ್ಕಾ. ಕಾಲು ಜ್ವಾಳಕ್ಕ ಹತ್ತಿದ ಮ್ಯಾಲ ಒಂದಸಲ "ಅಣ್ಣಾ" ಅಂದ. ಮತ್ತ ಅನ್ನಲಿಲ್ಲ. ಬಾಜೂಕ ಇಟ್ಟಿದ್ದ ದೀಪಾನ ಹಗ್ಗದ ಸೈತ ಒಳಗ ಬಿಟ್ಟು ಚೀರಿದ್ನಿ.

ಎಂಟ ವರ್ಸದಾಂವ ನಾ. ಅಪ್ಪ ಬಂದು ಕೇಳಿದ, "ದೀಪ ಇಳಿಸಿದ್ರಿಲ್ಲೋ?" ಬಾಯಿಗಿ ಬಂದಬಿಟ್ಟಿತು, ಅಕ್ಕ ತರಲಿಲ್ಲ ಅಂತ. ನೀ ಕೊಟ್ಟೇನಿ, ಕೊಟ್ಟೇನಿ ಅಂತ ಅತ್ತಿ. ದೀಪ ಕಳದೈತಿ, ಅದಕ್ಕ ಸುಳ್ಳ ಹೇಳತಾಳ ಅಂತ ಅವ್ವ ಬಡದಳು. ನಾ ಬಾಗಲದಾಗ ನಿಂತ ನೋಡಿದ್ನಿ. ಆಮ್ಯಾಲ ನೀ ಅನ್ನೂದ ಬಿಟ್ಟಿ.

ನಿನಗ ಗೊತ್ತಿತ್ತು. ಐವತ್ತೈದ ವರ್ಸ ಗೊತ್ತಿತ್ತು! ಪ್ರತಿ ವರ್ಸ ಪಂಚಮಿಗಿ ಬಂದು, ನನಗ ಉಂಡಿ ಕೊಟ್ಟು, ನನ್ನ ಮಕ್ಕಳನ್ನ ಆಡಿಸಿ ಹೋದಿ... ಹೆಂಗ ಬಂದೀ ಯವ್ವಾ? ನಾನಾಗಿದ್ರ ಈ ಹೊಸ್ತಿಲಕ್ಕ ಉಗಳಿ ಹೋಗತಿದ್ನಿ.

ಅಳಬ್ಯಾಡ... ಅಳವಲ್ಲಿ ನೀ. ನಾನ ಅಳಾಕತ್ತೇನಿ.

ಕೇಳಿಲ್ಲಿ. ಸೋಮವಾರ ದೀಪಾ ನೀನ ಹಚ್ಚು. ಇದನ್ನ, ಈ ಚಿಮಣೀನ ತಿಕ್ಕಿ ಬೆಳಗಿ ಹಚಗೊಂಡ ಒಳಗ ಬಾ. ತಾರಾಬಾಯಿಗಿ ನಾ ಹೇಳತೇನಿ, ಏನೋ ಒಂದ ಹೇಳತೇನಿ. ಸಾಕಲ್ಲ?... ಸಾಕಾಗಂಗಿಲ್ಲಾ? ಏಳತಿ ಯಾಕ?

ಓಹೋ. ಶಿವಗಂಗವ್ವ ಯಾಕ ದೀಪಾ ಹಿಡದಾಳ ಅಂತ ಮಂದಿ ಕೇಳತಾರ. ಅದನ್ನ ಹೇಳಬೇಕಲ್ಲ. ಅನುಸೂಯಾನ ಮುಂದ, ಸಂಜಯನ ಮುಂದ, ಇಡೀ ಊರ ಮುಂದ ಬಾಯಿ ಬಿಟ್ಟ ಹೇಳಬೇಕು ನಾ. ಹೇಳತೇನಿ. ಯಾಕ ಹೇಳಂಗಿಲ್ಲ? ಆ ಭೀಮ್ಯಾನ ಆಣಿ, ಹೇಳತೇನಿ! ನಂಬವಲ್ಲೀ? ತಲಿ ಯಾಕ ಅಳ್ಳಾಡಸತಿ? ಅಕ್ಕಾ, ಗಂಟ ಯಾಕ ಕಟ್ಟಾಕತ್ತಿ? ನಾ ಹೇಳಂಗಿಲ್ಲಂತ ನಿನಗ ಹೆಂಗ ಗೊತ್ತು?

...ಏನಂದಿ?

ನಾ? ನಾ ಯಾವಾಗಿಂದ ಕಿಡಕಿ ಹೊರಗ ನೋಡಾಕತ್ತೇನಿ?