ಬಾಸಿಲಿಸಾಳ ಕೊನೆಯ ಬಾನಿ

ಸೇರಿರುವ ಹಿರಿಯರಿಗೆ, ಬಾಸಿಲಿಸಾಳ ಮಗಳು ನೀವೆಸ್‌ಗೆ, ಈ ಮನೆಯವರಿಗೆಲ್ಲ ನನ್ನ ನಮಸ್ಕಾರ.

ನಾನು ಹೆರ್ಮೆಲಿಂಡಾ. ನಲವತ್ತೊಂದು ವರ್ಷದಿಂದ ಈ ಊರಿನಲ್ಲಿ ಕತ್ತಾಳೆಯ ಮದ್ಯ ಮೆಸ್ಕಾಲ್ ಭಟ್ಟಿ ಇಳಿಸುತ್ತಿರುವವಳು. ಏಳು ಮಕ್ಕಳು, ಹತ್ತೊಂಬತ್ತು ಮೊಮ್ಮಕ್ಕಳು. ಇಲ್ಲಿ ಮದುವೆಗೆ ದಿನ ಗೊತ್ತುಮಾಡುವ ಮೊದಲು ನನ್ನ ಅಂಗಳಕ್ಕೆ ಬಂದು ಮೆಸ್ಕಾಲ್ ಯಾವಾಗ ಸಿದ್ಧವೆಂದು ಕೇಳುತ್ತಾರೆ. ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ? ಮುಂದಿನ ಮಾತನ್ನು ಯಾರೋ ಕೈಲಾಗದವಳು ಆಡಿದಳು ಎಂದು ನೀವು ತಿಳಿಯಬಾರದು. ನನಗೆ ಬಾಸಿಲಿಸಾಳನ್ನು ಕಂಡರೆ ಹೊಟ್ಟೆಕಿಚ್ಚು. ಇತ್ತು ಅಲ್ಲ — ಇದೆ. ಅವಳು ತೀರಿಹೋಗಿ ಇವತ್ತಿಗೆ ಒಂಬತ್ತು ದಿನ. ಇನ್ನೂ ಇದೆ.

ಅದೇ ಗುಡ್ಡ, ಅದೇ ಕಾಡು ಕತ್ತಾಳೆ. ಹದಿನೈದು ವರ್ಷ ಬಲಿತ ಗಡ್ಡೆ ನನ್ನ ಹೆಗಲಿಗೂ ಅವಳ ಹೆಗಲಿಗೂ ಒಂದೇ ಭಾರ. ಆದರೆ ವಹಾಕಾ ಪಟ್ಟಣದಿಂದ ಬಂದ ವ್ಯಾಪಾರಿಗಳು ನನ್ನ ಬಾಗಿಲು ದಾಟಿಕೊಂಡು ಅವಳ ಮನೆಗೆ ಹೋಗುತ್ತಿದ್ದರು. ನನ್ನದನ್ನು ಕುಡಿದವರು "ಚೆನ್ನಾಗಿದೆ" ಎನ್ನುತ್ತಿದ್ದರು. ಅವಳದನ್ನು ಕುಡಿದವರು — ಸುಮ್ಮನಾಗುತ್ತಿದ್ದರು. ಆ ಮೌನಕ್ಕಾಗಿ ನಲವತ್ತೊಂದು ವರ್ಷ ಕಾದೆ. ಸಿಗಲಿಲ್ಲ.

ಹುದುಗುತ್ತಿರುವ ಬಾನಿಯ ಮೇಲೆ ಹೊಟ್ಟೆಕಿಚ್ಚಿನ ಕಣ್ಣು ಬಿದ್ದರೆ ರಸ ಕೆಡುತ್ತದೆ. ಅದಕ್ಕೇ ನಾನು ಬಂದರೆ ಊರವರೆಲ್ಲ ಬಾನಿಗೆ ಮೆಣಸಿನಕಾಯಿ ಕಟ್ಟುತ್ತಾರೆ. ಎಲಿಗಿಯೋ, ತಲೆ ತಗ್ಗಿಸಬೇಡ, ನೀನೂ ಕಟ್ಟಿದವನೇ! ಬಾಸಿಲಿಸಾ ಒಬ್ಬಳೇ ಕಟ್ಟಲಿಲ್ಲ. ನನಗೆ ಅವಮಾನವಾಯಿತು. ನೀವೆಸ್‌ಗೆ ಜ್ಞಾನಸ್ನಾನವಾದಾಗ ಮಗುವನ್ನು ಹಿಡಿದ ಜ್ಞಾನತಾಯಿ, ಅವಳ ಮಾದ್ರಿನಾ, ನಾನು. ಹೆತ್ತತಾಯಿ, ಜ್ಞಾನತಾಯಿ ಎಂಬ ನಂಟಿನಿಂದ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆದುಕೊಳ್ಳುವವರು ನಾವು. ಕೇಳಿಯೇಬಿಟ್ಟೆ.

"ಏನ್ ಕೊಮಾದ್ರೆ, ನನ್ ಕಣ್ಣಿಗೆ ಅಷ್ಟೂ ಬೆಲೆ ಇಲ್ವಾ?"

"ಮೆಣಸಿನಕಾಯಿ ಎಲ್ಲಾ ಚಟ್ನಿಗೆ ಹೋಯ್ತು ಕಣೇ. ಬಂದಿದ್ದೀಯಲ್ಲ, ಕಣ್ ಬಿಟ್ಕೊಂಡು ನಿಲ್ಬೇಡ. ಕೋಲು ಹಿಡಿ, ರಸ ತಿರುವು."

ತಿರುವಿದೆ. ರಸ ಕೆಡಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಅವಳು ಸತ್ತ ದಿನ ಅವಳ ಕೊನೆಯ ಬಾನಿ ನೊರೆಯಾಡುತ್ತಿತ್ತು. ಮೂರು ದಿನದಲ್ಲಿ ಭಟ್ಟಿಗೆ ಹಾಕದಿದ್ದರೆ ಅದು ಬರೀ ಹುಳಿನೀರು. ಮಣ್ಣು ಮುಗಿಸಿ ಬಂದ ಮೇಲೆ ನೀವೆಸ್ ನನ್ನ ಬಾಗಿಲಿಗೆ ಬಂದಳು.

"ಮಾದ್ರಿನಾ, ಗುಳ್ಳೆ ನೋಡಿ ಹದ ಹೇಳೋಕೆ ನಂಗೆ ಬರಲ್ಲ. ಅಮ್ಮಂದು ಕೆಟ್ಟೋಗತ್ತೆ."

ಕೆಡಲಿ ಎಂದುಕೊಂಡೆ. ಸುಳ್ಳು ಹೇಳಲಾರೆ — ಒಂದು ಇಡೀ ಮಧ್ಯಾಹ್ನ ಹಾಗೇ ಅಂದುಕೊಂಡು ಕೂತಿದ್ದೆ. ಆಮೇಲೆ ನನ್ನ ಅಡುಗೆಮನೆಯ ಮೆಣಸಿನಕಾಯಿಯನ್ನು ಪೋಣಿಸಿಕೊಂಡು ಬಂದು ಅವಳ ಬಾನಿಗೆ ಕಟ್ಟಿದೆ. ನನ್ನ ಕಣ್ಣಿಗೆ ಅಡ್ಡವಾಗಿ, ನಾನೇ ಕಟ್ಟಿದೆ. ಮಣ್ಣಿನ ಮಡಕೆಯಲ್ಲಿ ಎರಡು ಸಲ ಇಳಿಸಿದೆ. ಜೊಂಡಿನ ಕೊಳವೆಯಿಂದ ಸೋರೆಬುರುಡೆಯ ಬಟ್ಟಲಿಗೆ ಬಿಟ್ಟೆ. ಗುಳ್ಳೆಗಳು ಒಡೆಯದೆ — ಹೀಗೆ, ಅಂಚಿನ ಸುತ್ತ — ಮುತ್ತಿನ ಸರದಂತೆ ನಿಂತವು; ಗುಳ್ಳೆ ನಿಂತಷ್ಟೂ ಹದ ಸರಿ. ನನ್ನ ಭಟ್ಟಿಯಲ್ಲಿ ಒಮ್ಮೆಯೂ ಅಷ್ಟು ಹೊತ್ತು ನಿಂತಿರಲಿಲ್ಲ.

ಇವತ್ತು ಬಾಗಿಲಲ್ಲಿ ನಿಮಗೆ ಕೊಟ್ಟದ್ದು ಅದನ್ನೇ. ಒಬ್ಬೊಬ್ಬರೂ ಕುಡಿದಿರಿ. ಯಾರೂ "ಚೆನ್ನಾಗಿದೆ" ಎನ್ನಲಿಲ್ಲ. ಕಂಬದ ಹಿಂದೆ ನಿಂತು ನಾನು ನೋಡಿದ್ದೇನೆ — ಎಲ್ಲರೂ ಸುಮ್ಮನಾದಿರಿ.

ಉಳಿದದ್ದನ್ನು ನಿನ್ನೆಯೇ ಜಾಡಿಗಳಿಗೆ ತುಂಬಿ, ಮೇಣದಿಂದ ಬಾಯಿ ಮುಚ್ಚಿಸಿದ್ದೇನೆ. ಮೇಲೆ ಬರೆಸಿರುವುದು ಒಂದೇ ಹೆಸರು, ಬಾಸಿಲಿಸಾಳದು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಬಾಗಿಲಲ್ಲಿ ನೀವು ಸುಮ್ಮನಾದದ್ದು ನನಗಿರಲಿ, ಅದನ್ನು ನಾನು ಕೊಡುವುದಿಲ್ಲ. ಈಗಿನ ಮೌನ ಅವಳದು.